ಕಡಲಿನಿಂದ 8 ಕಿಲೋಮೀಟರ್ ಒಳಗೆ: ಬೀಚ್ ಬಾಯ್ಸ್ ಹಾಡಿದ ಊರುಗಳಲ್ಲಿ ಸುತ್ತಾಟ

ಶುಕ್ರವಾರ: ಹಾಥಾರ್ನ್

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಹತ್ತಿರ ಹುಟ್ಟಿ ಪೂರ್ವಕ್ಕೆ ಓಡುವ ಒಂದು ಫ್ರೀವೇ ಇದೆ. ನಂಬರು 105. ನಡುವೆ ಮೆಟ್ರೋ ರೈಲು, ಎರಡೂ ಕಡೆ ಬಿಡುವಿಲ್ಲದ ಕಾರುಗಳು, ಅಂಚಿನಲ್ಲಿ ಎತ್ತರದ ಗೋಡೆ. 1993ರಲ್ಲಿ ತೆರೆದ ಈ ರಸ್ತೆಗಾಗಿ ಸಾವಿರಾರು ಮನೆಗಳನ್ನು ಕೆಡವಿದರು. ಹಾಗೆ ಹೋದ ಮನೆಗಳಲ್ಲಿ ಒಂದು ಹಾಥಾರ್ನ್ ಊರಿನ 119ನೇ ಬೀದಿಯಲ್ಲಿತ್ತು. ವಿಲ್ಸನ್ ಕುಟುಂಬದ ಮನೆ. ಬ್ರಯಾನ್, ಡೆನಿಸ್, ಕಾರ್ಲ್ ಎಂಬ ಮೂವರು ಅಣ್ಣತಮ್ಮಂದಿರು ಬೆಳೆದ ಮನೆ. ಬೀಚ್ ಬಾಯ್ಸ್ ಎಂಬ ಐವರ ಪಾಪ್ ಬ್ಯಾಂಡು ಹುಟ್ಟಿದ್ದು ಅಲ್ಲಿ.

ನಾನು ಹೋದದ್ದು 2025ರ ಅಕ್ಟೋಬರಿನಲ್ಲಿ. ಜೂನ್ 11ರಂದು ಬ್ರಯಾನ್ ವಿಲ್ಸನ್ ತೀರಿಕೊಂಡಿದ್ದರು, 82 ವರ್ಷ. ಅಕ್ಕನ ಮನೆ ಅರ್ವೈನ್‌ನಲ್ಲಿದೆ. ಅವಳ ಮಗಳು ಕಾಲೇಜಿನ ಕಾಯರ್‌ನಲ್ಲಿ, ಅಂದರೆ ಗಾಯನ ತಂಡದಲ್ಲಿ ಹಾಡುತ್ತಾಳೆ, ಹೆಣ್ಣುದನಿಗಳಲ್ಲಿ ಕೆಳಗಿನದಾದ ಆಲ್ಟೋ ದನಿ. "ನಾನೇ ಡ್ರೈವ್ ಮಾಡ್ತೀನಿ ಮಾಮ, ಆದರೆ ಕಾರಲ್ಲಿ ಹಾಕೋ ಹಾಡು ನನ್ನ ಇಷ್ಟ" ಎಂದಳು. ಒಪ್ಪಿದೆ.

ಹಾಥಾರ್ನ್ ನೋಡಿದರೆ ಯಾರಿಗೂ ಸಮುದ್ರ ನೆನಪಾಗುವುದಿಲ್ಲ. ಚಪ್ಪಟೆ ನೆಲ, ಒಂದಂತಸ್ತಿನ ಮನೆಗಳು, ಟೈರ್ ಅಂಗಡಿ, ತಲೆಯ ಮೇಲೆ ಇಳಿಯುವ ವಿಮಾನಗಳು. ವಿಮಾನ ತಯಾರಿಸುವ ನಾರ್ತ್ರಪ್ ಕಂಪನಿ ಬೆಳೆಸಿದ ಊರು ಇದು. ಈಗ ಕ್ರೆನ್‌ಶಾ ರಸ್ತೆಯ ಪಕ್ಕ ಸ್ಪೇಸ್‌ಎಕ್ಸ್‌ನವರ ರಾಕೆಟ್ ಒಂದು ನಿಂತಿದೆ. ಕಡಲು ಇಲ್ಲಿಂದ ಸುಮಾರು 8 ಕಿ.ಮೀ. ದೂರ. ಸರ್ಫಿಂಗ್ ಹಾಡುಗಳಿಗೆ ಹೆಸರಾದ ಈ ಐವರಲ್ಲಿ ನಿಜವಾಗಿ ಅಲೆಯ ಮೇಲೆ ನಿಲ್ಲುತ್ತಿದ್ದವನು ಡೆನಿಸ್ ಒಬ್ಬನೇ. ಬ್ರಯಾನ್‌ಗೆ ನೀರೆಂದರೆ ಭಯ. ಈ ಸುತ್ತಾಟದ ಉದ್ದಕ್ಕೂ ನನ್ನ ತಲೆಯಲ್ಲಿ ಕೂತಿದ್ದು ಇದೇ. ಇವರ ಸಂಗೀತ ಕಡಲ ದಂಡೆಯಲ್ಲಿ ಹುಟ್ಟಿದ್ದಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ ಹುಟ್ಟಿದ್ದು. ದಂಡೆ ಆಮೇಲೆ ಬಂತು, ಆಲ್ಬಮ್ ಕವರ್‌ಗಾಗಿ.

119ನೇ ಬೀದಿಯ ತುದಿಯಲ್ಲಿ, ಫ್ರೀವೇ ಗೋಡೆಗೆ ಒರಗಿದಂತೆ, ಕೆಂಪು ಇಟ್ಟಿಗೆಯ ಒಂದು ಸ್ಮಾರಕವಿದೆ. 2005ರ ಮೇ ತಿಂಗಳಲ್ಲಿ ಕಟ್ಟಿದ್ದು. ಕ್ಯಾಲಿಫೋರ್ನಿಯಾ ರಾಜ್ಯದ ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿ ಇದರ ಸಂಖ್ಯೆ 1041. ಹುಡುಗರು ಸರ್ಫ್ ಹಲಗೆ ಹೊತ್ತು ನಿಂತ ಉಬ್ಬುಚಿತ್ರ, ಕೆಳಗೊಂದು ಫಲಕ. ಸುತ್ತ ಸಾಧಾರಣ ಮನೆಗಳು. ಯಾರೋ ಕಾರು ತೊಳೆಯುತ್ತಿದ್ದರು, ನಮ್ಮನ್ನು ನೋಡಿ ಕೈ ಎತ್ತಿದರು. ಇಂಥವರು ದಿನಾ ಬರುತ್ತಾರೆ ಅಂತ ಕಾಣುತ್ತದೆ. ಗೋಡೆಯ ಆಚೆಯಿಂದ ಗಾಡಿಗಳ ಸದ್ದು ನಿಲ್ಲುವುದೇ ಇಲ್ಲ.

ಮನೆ ಇಲ್ಲದಿದ್ದರೂ ಆ ಮನೆಯ ಲೆಕ್ಕ ಸಾಕಷ್ಟು ದಾಖಲಾಗಿದೆ. ಎರಡು ಮಲಗುವ ಕೋಣೆ. ಮೂವರೂ ಹುಡುಗರು ಒಂದೇ ಕೋಣೆಯಲ್ಲಿ. ಅಪ್ಪ ಮರ್ರಿ ವಿಲ್ಸನ್ ಯಂತ್ರಗಳನ್ನು ಬಾಡಿಗೆಗೆ ಕೊಡುವ ವ್ಯವಹಾರ ಮಾಡುತ್ತಿದ್ದ, ರಾತ್ರಿ ಹಾಡು ಬರೆಯುತ್ತಿದ್ದ. ಅವನ ಹಾಡುಗಳಿಗೆ ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ. ಕಾರ್ ಶೆಡ್ಡನ್ನೇ ಸಂಗೀತದ ಕೋಣೆ ಮಾಡಿ ಪಿಯಾನೋ, ಆರ್ಗನ್ ಇಟ್ಟಿದ್ದ. ಅಮ್ಮ ಆಡ್ರೀ ಆರ್ಗನ್ ನುಡಿಸುತ್ತಿದ್ದಳು. ಅಪ್ಪ ಹೊಡೆಯುತ್ತಿದ್ದ, ಬಯ್ಯುತ್ತಿದ್ದ. ಅದೇ ಅಪ್ಪ ಒಳ್ಳೆಯ ಹಾಡು ಕೇಳಿದರೆ ಕಣ್ಣೀರು ಹಾಕುತ್ತಿದ್ದ. ಮಕ್ಕಳು ಈ ಎರಡರ ನಡುವೆ ಬೆಳೆದರು.

ಬ್ರಯಾನ್‌ಗೆ ಬಾಲ್ಯದಿಂದ ಬಲಗಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ಒಂದೇ ಕಿವಿಯಲ್ಲಿ ಅವನು ಫೋರ್ ಫ್ರೆಶ್‌ಮೆನ್ ಎಂಬ ಜಾಝ್ ಗಾಯಕರ ರೆಕಾರ್ಡುಗಳನ್ನು ಗಂಟೆಗಟ್ಟಲೆ ಕೇಳುತ್ತಿದ್ದ. ಸ್ವಲ್ಪ ಕೇಳುವುದು, ಸೂಜಿ ಎತ್ತುವುದು, ನಾಲ್ಕು ದನಿಗಳಲ್ಲಿ ಒಂದನ್ನು ಬಿಡಿಸಿ ಪಿಯಾನೋದಲ್ಲಿ ಹುಡುಕುವುದು, ಮತ್ತೆ ಸೂಜಿ ಇಡುವುದು. ಹಾಗೆ ಬಿಡಿಸಿದ ದನಿಗಳನ್ನು ತಮ್ಮಂದಿರಿಗೆ ಹಂಚುತ್ತಿದ್ದ. ರಾತ್ರಿ ಮಲಗಿದ ಮೇಲೆ ಕತ್ತಲೆಯಲ್ಲಿ ಮೂವರೂ ಹಾಡುತ್ತಿದ್ದರು. 1963ರ 'ಇನ್ ಮೈ ರೂಮ್' ಹಾಡು ಶುರುವಾಗುವುದು ಹಾಗೆಯೇ. ಮೊದಲು ಬ್ರಯಾನ್ ಒಬ್ಬನೇ. ಆಮೇಲೆ ಒಬ್ಬ ತಮ್ಮ ಸೇರುತ್ತಾನೆ, ಆಮೇಲೆ ಇನ್ನೊಬ್ಬ.

ನಮ್ಮ ಕಿವಿಗೆ ಇದು ಸ್ವಲ್ಪ ಹೊಸದು, ಅಲ್ವಾ? ಭಜನೆಯಲ್ಲಿ ನೂರು ಜನ ಕೂತರೂ ಎಲ್ಲರೂ ಹಾಡುವುದು ಒಂದೇ ದಾರಿಯಲ್ಲಿ. ಕಛೇರಿಯಲ್ಲಿ ಒಂದು ರಾಗ, ಕೆಳಗೆ ತಂಬೂರಿ. ಮಂಗಳೂರಿನ ಚರ್ಚುಗಳ ಕಾಯರ್ ಕೇಳಿ ಬೆಳೆದವರನ್ನು ಬಿಟ್ಟರೆ, ಒಂದೇ ಸಾಲನ್ನು ನಾಲ್ವರು ನಾಲ್ಕು ಸ್ವರಗಳಲ್ಲಿ ಒಟ್ಟಿಗೆ ಹಾಡುವುದು ನಮಗೆ ಸಿನಿಮಾ ಹಾಡಿನಲ್ಲಿ ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದಷ್ಟೆ. ಬೀಚ್ ಬಾಯ್ಸ್ ಕೇಳುವಾಗ ನಾನು ಮೊದಮೊದಲು ಹಿಡಿಯುತ್ತಿದ್ದದ್ದು ಮೇಲಿನ ದನಿಯನ್ನು ಮಾತ್ರ. "ಕೆಳಗಿನಿಂದ ಕೇಳು ಮಾಮ" ಎಂದಳು ಹುಡುಗಿ. ಕೆಳಗೆ ಮೈಕ್ ಲವ್, ವಿಲ್ಸನ್‌ಗಳ ಅತ್ತೆಯ ಮಗ. ನಡುವೆ ಕಾರ್ಲ್, ಡೆನಿಸ್, ಮತ್ತೆ ಬ್ರಯಾನ್‌ನ ಶಾಲೆಯ ಗೆಳೆಯ ಆಲ್ ಜಾರ್ಡಿನ್. ಎಲ್ಲರ ತಲೆಯ ಮೇಲೆ ಬ್ರಯಾನ್‌ನ ಕಳ್ಳದನಿ, ಹೆಣ್ಣುದನಿಯಷ್ಟು ಎತ್ತರದಲ್ಲಿ. ಐವರಲ್ಲಿ ನಾಲ್ವರು ಒಂದೇ ರಕ್ತದವರು. ಸ್ವರಗಳನ್ನು ಎಳೆಯುವ ರೀತಿ ಒಂದೇ, ಬಾಯಿ ತೆರೆಯುವ ರೀತಿ ಒಂದೇ. ಇನ್ನೆಲ್ಲಿಂದಲೋ ಆರಿಸಿ ತಂದ ಒಳ್ಳೆಯ ಗಾಯಕರಿಗೆ ಈ ಬೆಸುಗೆ ಸುಲಭಕ್ಕೆ ಸಿಗುವುದಿಲ್ಲ.

1961ರ ಸೆಪ್ಟೆಂಬರ್ ಮೊದಲ ವಾರದ ರಜೆಯಲ್ಲಿ ಅಪ್ಪ ಅಮ್ಮ ಮೆಕ್ಸಿಕೋಗೆ ಹೋಗಿದ್ದರು. ಊಟಕ್ಕೆಂದು ಕೊಟ್ಟ ದುಡ್ಡು, ಮೇಲೆ ಒಂದಿಷ್ಟು ಸಾಲ, ಎಲ್ಲ ಸೇರಿಸಿ ಹುಡುಗರು ವಾದ್ಯಗಳನ್ನು ಬಾಡಿಗೆಗೆ ತಂದರು. ಸರ್ಫಿಂಗ್ ಬಗ್ಗೆ ಹಾಡು ಮಾಡೋಣ ಎಂದಿದ್ದು ಡೆನಿಸ್. ವಾಪಸ್ ಬಂದ ಅಪ್ಪ ಸಿಟ್ಟಾದ. ಹಾಡು ಕೇಳಿ ತಣ್ಣಗಾದ. ಆಮೇಲೆ ಅವನೇ ಮ್ಯಾನೇಜರ್. ಅಕ್ಟೋಬರಿನಲ್ಲಿ 'ಸರ್ಫಿನ್' ರೆಕಾರ್ಡ್ ಆಯಿತು. ಹುಡುಗರು ಇಟ್ಟುಕೊಂಡಿದ್ದ ಹೆಸರು ಪೆಂಡಲ್‌ಟೋನ್ಸ್. ರೆಕಾರ್ಡ್ ಕಂಪನಿಯವರು ಇವರನ್ನು ಕೇಳದೆಯೇ 'ಬೀಚ್ ಬಾಯ್ಸ್' ಎಂದು ಅಚ್ಚು ಹಾಕಿಸಿದರು. ಡಿಸ್ಕಿನ ಮೇಲೆ ನೋಡಿದಾಗಲೇ ಇವರಿಗೆ ತಮ್ಮ ಹೆಸರು ಗೊತ್ತಾದದ್ದು.

ಹಾಥಾರ್ನ್ ಹೈಸ್ಕೂಲಿನ ಹೊರಗೆ ಕಾರು ನಿಲ್ಲಿಸಿದೆವು, ಒಳಗೆ ಹೋಗಲಿಲ್ಲ. ಇಲ್ಲಿನ ಒಂದು ಕಥೆ ನನಗೆ ಇಷ್ಟ. ಸಂಗೀತದ ಮೇಷ್ಟ್ರು ಸೊನಾಟಾ ಎಂಬ ಶಾಸ್ತ್ರೀಯ ವಾದ್ಯಕೃತಿ ಬರೆದುಕೊಂಡು ಬಾ ಎಂದರೆ ಬ್ರಯಾನ್ ಒಂದು ಪಾಪ್ ಹಾಡು ಬರೆದುಕೊಟ್ಟ. ಮೇಷ್ಟ್ರು ಫೇಲ್ ಮಾಡಿದರು. ಮುಂದೆ ಅದೇ ರಾಗ 'ಸರ್ಫಿನ್' ಆಯಿತು. 2018ರಲ್ಲಿ ಬ್ರಯಾನ್ ಶಾಲೆಗೆ ಬಂದಾಗ ಆಗಿನ ಪ್ರಿನ್ಸಿಪಾಲರು ಆ ಎಫ್ ಅನ್ನು ಎ ಎಂದು ತಿದ್ದಿಕೊಟ್ಟರು.

ಹಾಥಾರ್ನ್ ಬುಲೆವಾರ್ಡಿನಲ್ಲಿ ಫಾಸ್ಟರ್ಸ್ ಫ್ರೀಜ್ ಎಂಬ ಹಳೆಯ ಐಸ್‌ಕ್ರೀಮ್ ಅಂಗಡಿ ಇನ್ನೂ ಇದೆ. 'ಫನ್ ಫನ್ ಫನ್' ಹಾಡಿನಲ್ಲಿ ಬರುವ ಹ್ಯಾಂಬರ್ಗರ್ ಅಂಗಡಿ ಇದೇ ಎಂದು ಊರವರು ಹೇಳುತ್ತಾರೆ. ಐಸ್‌ಕ್ರೀಮ್ ಚೆನ್ನಾಗಿತ್ತು. ಮನೆಗೆ ಹೋಗಿ ಬಿದ್ದುಕೊಂಡೆ, ವಿಮಾನದ ನಿದ್ದೆ ಇನ್ನೂ ಬಾಕಿ ಇತ್ತು.

ಶನಿವಾರ: ಹಾಲಿವುಡ್

ಕ್ಯಾಪಿಟಲ್ ಎಂಬ ರೆಕಾರ್ಡ್ ಕಂಪನಿಯ ಟವರ್ ದೂರದಿಂದಲೇ ಕಾಣುತ್ತದೆ. 1956ರ ಕಟ್ಟಡ, 13 ಅಂತಸ್ತು, ದುಂಡಗೆ. ತುದಿಯ ಕೆಂಪು ದೀಪ ಮಿನುಗುವುದು ಮೋರ್ಸ್ ಸಂಕೇತದಲ್ಲಿ, ಹಾಲಿವುಡ್ ಎಂಬ ಅಕ್ಷರಗಳನ್ನು. 1962ರಲ್ಲಿ ಈ ಕಂಪನಿ ಬೀಚ್ ಬಾಯ್ಸ್ ಜೊತೆ ಕರಾರು ಮಾಡಿಕೊಂಡಿತು. ಅದೇ ವೈನ್ ಬೀದಿಯಲ್ಲಿ ಕೆಳಗೆ ಬಂದರೆ ಫುಟ್‌ಪಾತಿನ ಮೇಲೆ ಇವರ ಹೆಸರಿನ ನಕ್ಷತ್ರ. ಜನ ತುಳಿದುಕೊಂಡು ಹೋಗುತ್ತಿರುತ್ತಾರೆ. ನಾನೂ ಫೋಟೋ ತೆಗೆದೆ, ನನ್ನ ಚಪ್ಪಲಿಯೂ ಅದರಲ್ಲಿ ಬಂದಿದೆ.

ನೋಡಬೇಕಾದ ಜಾಗ ಇರುವುದು ಸನ್‌ಸೆಟ್ ಬುಲೆವಾರ್ಡಿನಲ್ಲಿ. 6000ನೇ ನಂಬರು. ಆಗ ವೆಸ್ಟರ್ನ್ ರೆಕಾರ್ಡರ್ಸ್, ಈಗ ಈಸ್ಟ್‌ವೆಸ್ಟ್ ಸ್ಟುಡಿಯೋಸ್. ಹೊರಗಿನಿಂದ ನೋಡಿದರೆ ಗೋದಾಮು ಎನ್ನಬೇಕು. ಇನ್ನೂ ಕೆಲಸ ನಡೆಯುವ ಸ್ಟುಡಿಯೋ, ಸುಮ್ನೆ ನೋಡಲು ಬಂದವರನ್ನು ಒಳಗೆ ಬಿಡುವುದಿಲ್ಲ. ರಸ್ತೆಯ ಆಚೆ ನಿಂತು ಗೋಡೆ ನೋಡಿದೆವು. ಆ ಗೋಡೆಯ ಹಿಂದಿನ 3ನೇ ಸ್ಟುಡಿಯೋ ಒಂದು ಚಿಕ್ಕ ಕೋಣೆ. ಬ್ರಯಾನ್‌ಗೆ ಕ್ಯಾಪಿಟಲ್‌ನ ದೊಡ್ಡ ಸ್ಟುಡಿಯೋಗಳು ಹಿಡಿಸಲಿಲ್ಲ. ಇಲ್ಲಿಗೆ ಬಂದ. ಚಕ್ ಬ್ರಿಟ್ಜ್ ಎಂಬ ಎಂಜಿನಿಯರ್ ಜೊತೆ ಇಲ್ಲೇ ಬೇರೂರಿದ.

1964ರ ಡಿಸೆಂಬರ್ 23. ಲಾಸ್ ಏಂಜಲೀಸಿನಿಂದ ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಬ್ರಯಾನ್ ಕುಸಿದು ಅಳತೊಡಗಿದ. ವಯಸ್ಸು 22. ಮೂರು ವರ್ಷಗಳಲ್ಲಿ ಹಾಡು ಬರೆಯುವುದು, ದನಿ ಹಂಚುವುದು, ರೆಕಾರ್ಡ್ ಮಾಡುವುದು, ಊರೂರು ತಿರುಗುವುದು, ಎಲ್ಲ ಒಬ್ಬನ ತಲೆಯ ಮೇಲೆ ಬಿದ್ದಿತ್ತು. ಅದೇ ವರ್ಷ ಅಪ್ಪನನ್ನು ಮ್ಯಾನೇಜರ್ ಕೆಲಸದಿಂದ ತೆಗೆದೂ ಆಗಿತ್ತು. ಇನ್ನು ನಾನು ತಿರುಗಾಟಕ್ಕೆ ಬರುವುದಿಲ್ಲ, ಮನೆಯಲ್ಲಿದ್ದು ಹಾಡು ಮಾಡುತ್ತೇನೆ ಎಂದ. ಅವನ ಜಾಗದಲ್ಲಿ ಸ್ವಲ್ಪ ಕಾಲ ಗ್ಲೆನ್ ಕ್ಯಾಂಬೆಲ್, ಆಮೇಲೆ ಬ್ರೂಸ್ ಜಾನ್‌ಸ್ಟನ್. ಮತ್ತೆ ಕೋಣೆಯೊಳಗೆ ಸೇರಿಕೊಂಡ ಹಾಗಾಯಿತು.

1966ರ ಜನವರಿಯಲ್ಲಿ ಉಳಿದವರು ಜಪಾನಿನಲ್ಲಿ ಹಾಡುತ್ತಿದ್ದಾಗ ಇಲ್ಲಿ 'ಪೆಟ್ ಸೌಂಡ್ಸ್' ಆಲ್ಬಮ್ ತಯಾರಾಗುತ್ತಿತ್ತು. ಸಾಹಿತ್ಯಕ್ಕೆ ಟೋನಿ ಆಷರ್, ಜಾಹೀರಾತು ಕಂಪನಿಯ ಬರಹಗಾರ. ವಾದ್ಯಕ್ಕೆ ಹಾಲಿವುಡ್ಡಿನ ಬಾಡಿಗೆ ಕಲಾವಿದರು: ಡ್ರಮ್ಸ್ ಹಾಲ್ ಬ್ಲೇನ್, ಬೇಸ್ ಗಿಟಾರ್ ಕ್ಯಾರಲ್ ಕೇ, ಇನ್ನೂ ಹತ್ತಾರು ಜನ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಬೇಕು. ತಮ್ಮಂದಿರು, ಗೆಳೆಯರು ಜಪಾನಿನಿಂದ ಬಂದಾಗ ವಾದ್ಯದ ಕೆಲಸ ಬಹಳಷ್ಟು ಮುಗಿದಿತ್ತು. ಅವರಿಗೆ ಉಳಿದಿದ್ದು ದನಿ. ಅದೂ ಸುಲಭವಲ್ಲ. ಒಂದು ಉಸಿರು ಆಚೀಚೆಯಾದರೆ ಬ್ರಯಾನ್ ನಿಲ್ಲಿಸುತ್ತಿದ್ದ, ಮತ್ತೆ ಮೊದಲಿನಿಂದ. ಹಾಡಿದ ದನಿಯ ಮೇಲೆ ಅದೇ ದನಿಯನ್ನು ಇನ್ನೊಮ್ಮೆ ಹಾಡಿಸಿ ಕೂರಿಸುತ್ತಿದ್ದ. ಐವರು ಹತ್ತು ಜನರಂತೆ ಕೇಳಿಸುವುದು ಅದಕ್ಕೇ. ಕೊನೆಗೆ ಎಲ್ಲವನ್ನೂ ಮೋನೋಗೆ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವ ಹಾಗೆ, ಇಳಿಸುತ್ತಿದ್ದ. ಎರಡು ಕಿವಿಗೆ ಬೇರೆ ಬೇರೆ ಸದ್ದು ಕೊಡುವ ಸ್ಟೀರಿಯೋ ಅವನಿಗೆ ಕೇಳಿಸುವುದಾದರೂ ಹೇಗೆ, ಇದ್ದದ್ದು ಒಂದೇ ಕಿವಿ. ಅಂದರೆ ಆ ಆಲ್ಬಮ್ಮನ್ನು ಅವನು ಕೇಳಿದ ಹಾಗೆಯೇ ನಾವೂ ಕೇಳುತ್ತಿದ್ದೇವೆ. ನನಗಂತೂ ಇಂದಿಗೂ ಮೋನೋ ಪ್ರತಿಯೇ ಇಷ್ಟ.

1966ರ ಮೇ 16ರಂದು ಬಿಡುಗಡೆ. ಬ್ರಿಟನ್ನಿನಲ್ಲಿ 2ನೇ ಸ್ಥಾನ, ಅಮೆರಿಕದಲ್ಲಿ 10. ತಮ್ಮದೇ ಜನ ಸರ್ಫಿಂಗ್ ಹಾಡು ಎಲ್ಲಿ, ಕಾರಿನ ಹಾಡು ಎಲ್ಲಿ ಎಂದು ಹುಡುಕಿದರು. 'ಗಾಡ್ ಓನ್ಲಿ ನೋಸ್' ಹಾಡನ್ನು ಬ್ರಯಾನ್ 19 ವರ್ಷದ ಕಾರ್ಲ್‌ಗೆ ಕೊಟ್ಟ. ಕೊನೆಯಲ್ಲಿ ದನಿಗಳು ಒಂದರ ಹಿಂದೆ ಒಂದು ಬಂದು ಸುತ್ತುತ್ತವೆ. ಆ ಭಾಗ ಹಾಡುವ ಹೊತ್ತಿಗೆ ಕಾರ್ಲ್ ದಣಿದು ಮನೆಗೆ ಹೋಗಿದ್ದ. ನಡುವಿನ ದನಿ ಬ್ರೂಸ್ ಹಾಡಿದ. ಮೇಲಿನದೂ ಕೆಳಗಿನದೂ ಬ್ರಯಾನ್ ತಾನೇ ಹಾಡಿದ. ಇದು ತನಗೆ ಬಹಳ ಇಷ್ಟವಾದ ಹಾಡು ಎಂದು ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಎಷ್ಟೋ ಸಲ ಹೇಳಿದ್ದಾರೆ.

'ಗುಡ್ ವೈಬ್ರೇಷನ್ಸ್' ಒಂದು ಹಾಡಿಗೆ ಬ್ರಯಾನ್ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಸ್ಟುಡಿಯೋ ಓಡಾಡಿದ. ಹಾಡನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿ, ಟೇಪ್ ಕತ್ತರಿಸಿ ಅಂಟಿಸಿದ. ಸೆಲ್ಲೋ ಗರಗರ, ಪಾಲ್ ಟ್ಯಾನರ್ ನುಡಿಸಿದ ಎಲೆಕ್ಟ್ರೋ ಥೆರಮಿನ್ ಎಂಬ ವಿದ್ಯುತ್ ವಾದ್ಯದ ಊಳು, ನಡುವೆ ಎಲ್ಲ ನಿಂತು ಒಂದು ಆರ್ಗನ್. ಇಂಥದ್ದು ಓಡುತ್ತಾ ಎಂದು ಕೇಳುವ ಹಾಗಿತ್ತು. ಓಡಿತು. ಅಮೆರಿಕ, ಬ್ರಿಟನ್ ಎರಡರಲ್ಲೂ 1ನೇ ಸ್ಥಾನ.

ನಾಲ್ಕು ಸ್ಟುಡಿಯೋಗಳಲ್ಲಿ ಒಂದು ಗೋಲ್ಡ್ ಸ್ಟಾರ್. ಸ್ಯಾಂಟಾ ಮೋನಿಕಾ ಬುಲೆವಾರ್ಡ್ ಮತ್ತು ವೈನ್ ಬೀದಿ ಕೂಡುವಲ್ಲಿ ಇತ್ತು. ಈಗ ಅಲ್ಲಿ ಒಂದು ಸಣ್ಣ ಶಾಪಿಂಗ್ ಸಾಲು, ಮುಂದೆ ಪಾರ್ಕಿಂಗ್. 1966ರ ನವೆಂಬರ್ 28ರಂದು ಇಲ್ಲಿ ಬ್ರಯಾನ್ 'ಬೆಂಕಿ' ಎಂಬ ತುಣುಕನ್ನು ರೆಕಾರ್ಡ್ ಮಾಡಿದ. ವಾದ್ಯದವರಿಗೆಲ್ಲ ಆಟಿಕೆಯ ಅಗ್ನಿಶಾಮಕ ಟೋಪಿ ಹಾಕಿಸಿದ್ದ. ಆಮೇಲೆ ಹತ್ತಿರದಲ್ಲೇ ಎಲ್ಲೋ ಬೆಂಕಿ ಬಿದ್ದ ಸುದ್ದಿ ಕೇಳಿ, ತನ್ನ ಸಂಗೀತವೇ ಕಾರಣ ಎಂದು ಹೆದರಿ ಆ ಟೇಪನ್ನು ಬದಿಗಿಟ್ಟ. ಅದು 'ಸ್ಮೈಲ್' ಎಂಬ ಆಲ್ಬಮ್ಮಿನ ಭಾಗ. ಸಾಹಿತ್ಯ ವ್ಯಾನ್ ಡೈಕ್ ಪಾರ್ಕ್ಸ್‌ರದು. ಸಾಲುಗಳಿಗೆ ಅರ್ಥ ಏನು ಎಂದು ಮೈಕ್ ಲವ್ ಜಗಳ ತೆಗೆದ. ಮಾದಕ ವಸ್ತು, ಭಯ, ಕಂಪನಿಯ ಜೊತೆ ವ್ಯಾಜ್ಯ, ಎಲ್ಲ ಸೇರಿ 1967ರಲ್ಲಿ ಬ್ರಯಾನ್ ಅದನ್ನು ಕೈಬಿಟ್ಟ. ಮತ್ತೆ ಕೈಗೆತ್ತಿಕೊಂಡು ಮುಗಿಸಿದ್ದು 2004ರಲ್ಲಿ, ಬೇರೆ ಹಾಡುಗಾರರೊಂದಿಗೆ. ಗೋಲ್ಡ್ ಸ್ಟಾರ್ 1984ರಲ್ಲಿ ಬಾಗಿಲು ಹಾಕಿತು. ಆಮೇಲೆ ಕಟ್ಟಡಕ್ಕೆ ನಿಜವಾಗಿಯೂ ಬೆಂಕಿ ಬಿತ್ತು.

ಮೈಕ್ ಲವ್‌ನನ್ನು ಖಳನಾಯಕ ಮಾಡುವುದು ಅಭಿಮಾನಿಗಳಿಗೆ ಅಭ್ಯಾಸ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. 'ಗುಡ್ ವೈಬ್ರೇಷನ್ಸ್' ಸಾಹಿತ್ಯ ಬರೆದವನು ಅವನೇ. ಆ ಕೆಳದನಿ ಇಲ್ಲದಿದ್ದರೆ ಮೇಲಿನದು ಎಲ್ಲಿ ನಿಲ್ಲಬೇಕು? ಇದನ್ನು ಹೇಳಿದಾಗ ಹುಡುಗಿ, "ಬೇಸ್ ಹಾಡೋರು ಯಾವತ್ತೂ ತಮಗೆ ಕ್ರೆಡಿಟ್ ಸಿಗಲ್ಲ ಅಂತಾನೇ ಇರ್ತಾರೆ, ನಮ್ಮ ಕಾಯರಲ್ಲೂ" ಎಂದು ನಕ್ಕಳು.

ಭಾನುವಾರ: ಮಾಲಿಬು, ಮರೀನಾ ಡೆಲ್ ರೇ

ಪೆಸಿಫಿಕ್ ಕೋಸ್ಟ್ ಹೈವೇ ಎಂದರೆ ಎಡಕ್ಕೆ ಕಡಲು, ಬಲಕ್ಕೆ ಗುಡ್ಡ, ಖುಷಿಯ ರಸ್ತೆ ಎಂದುಕೊಂಡಿದ್ದೆ. 2025ರ ಜನವರಿಯ ಕಾಳ್ಗಿಚ್ಚು ಅದನ್ನು ಹಾಗೆ ಬಿಟ್ಟಿರಲಿಲ್ಲ. ಪೆಸಿಫಿಕ್ ಪ್ಯಾಲಿಸೇಡ್ಸ್‌ನಿಂದ ಮಾಲಿಬುವರೆಗೆ ಅಲ್ಲಲ್ಲಿ ಖಾಲಿ ನಿವೇಶನಗಳು. ಸುಟ್ಟ ಮನೆಯದು ಒಂದು ಚಿಮಣಿ, ಮೆಟ್ಟಿಲು, ಅದರಾಚೆ ನೇರ ಸಮುದ್ರ. ಮೇ ತಿಂಗಳ ಕೊನೆಯವರೆಗೂ ಈ ರಸ್ತೆಯಲ್ಲಿ ಎಲ್ಲರಿಗೂ ಓಡಾಟ ಇರಲಿಲ್ಲ. ಕಾರಿನಲ್ಲಿ ಹಾಡು ನಿಲ್ಲಿಸಿದೆವು.

ಪ್ಯಾರಡೈಸ್ ಕೋವ್ ಮಾಲಿಬುವಿಗೂ ಆಚೆ. 1962ರ ಮೊದಲ ಆಲ್ಬಮ್ 'ಸರ್ಫಿನ್ ಸಫಾರಿ' ಕವರ್ ತೆಗೆದದ್ದು ಇಲ್ಲಿ. ತಾಳೆಗರಿ ಹೊದಿಸಿದ ಹಳೆಯ ಫೋರ್ಡ್ ಗಾಡಿ, ಮೇಲೆ ಹುಡುಗರು. ಆ ಫೋಟೋದಲ್ಲಿ ಆಲ್ ಜಾರ್ಡಿನ್ ಇಲ್ಲ. ಬ್ಯಾಂಡು ಬಿಟ್ಟು ಓದಲು ಹೋಗಿದ್ದ. ಎದುರು ಮನೆಯ ಹುಡುಗ ಡೇವಿಡ್ ಮಾರ್ಕ್ಸ್ ಅವನ ಬದಲು ನಿಂತಿದ್ದಾನೆ. ಮುಂದಿನ ವರ್ಷ ಆಲ್ ವಾಪಸ್ ಬಂದ. ದಂಡೆ ಚಿಕ್ಕದು, ಚೊಕ್ಕ. ಅಂದು ಸರ್ಫ್ ಮಾಡುವಂಥ ಅಲೆ ಇರಲಿಲ್ಲ. ಫೋಟೋಗೆ ಅಲೆ ಯಾಕೆ ಬೇಕು.

ಮಧ್ಯಾಹ್ನ ಮರೀನಾ ಡೆಲ್ ರೇ. ಸಾವಿರಾರು ದೋಣಿಗಳು ಕಟ್ಟಿದ ಬಂದರು. ಡೆನಿಸ್‌ನ ದೋಣಿ ಇಲ್ಲಿತ್ತು, ಹೆಸರು 'ಹಾರ್ಮನಿ'. ಸಾಲದಿಂದಾಗಿ ಅದು ಕೈಬಿಟ್ಟು ಹೋಯಿತು. ಡೆನಿಸ್‌ನ ಬದುಕೇ ಹಾಗೆ, ಎಲ್ಲ ಬರುವುದು, ಎಲ್ಲ ಹೋಗುವುದು. 1968ರಲ್ಲಿ ದಾರಿಯಲ್ಲಿ ಹತ್ತಿಸಿಕೊಂಡ ಹುಡುಗಿಯರ ಹಿಂದೆ ಚಾರ್ಲ್ಸ್ ಮ್ಯಾನ್ಸನ್ ಅವನ ಮನೆ ಹೊಕ್ಕ, ತಿಂಗಳುಗಟ್ಟಲೆ ಠಿಕಾಣಿ ಹೂಡಿದ. ಮ್ಯಾನ್ಸನ್ ಬರೆದ ಒಂದು ಹಾಡನ್ನು ತಿದ್ದಿ ಬೀಚ್ ಬಾಯ್ಸ್ ರೆಕಾರ್ಡ್ ಕೂಡ ಮಾಡಿದರು. ಮರುವರ್ಷ ಮ್ಯಾನ್ಸನ್‌ನ ಹಿಂಬಾಲಕರು ಅವನ ಮಾತಿನಂತೆ ಕೊಲೆಗಳನ್ನು ಮಾಡಿದಾಗ ಡೆನಿಸ್ ಅವನಿಂದ ದೂರವಾಗಿದ್ದ, ಆದರೆ ಆ ಹೆದರಿಕೆ ಹೋಗಲಿಲ್ಲ ಎಂದು ಹತ್ತಿರದವರು ಹೇಳುತ್ತಾರೆ. 1977ರಲ್ಲಿ ಅವನು ಒಬ್ಬನೇ ಮಾಡಿದ 'ಪೆಸಿಫಿಕ್ ಓಷನ್ ಬ್ಲೂ' ಆಲ್ಬಮ್ ಕೇಳಿ. ಒಡೆದ ಗಂಟಲು, ಸುಳ್ಳಿಲ್ಲದ ಹಾಡು. ಮೂವರಲ್ಲಿ ಕಡಿಮೆ ಹಾಡಿದವನು ಎಂಥದ್ದನ್ನು ಒಳಗಿಟ್ಟುಕೊಂಡಿದ್ದ ಅನಿಸುತ್ತದೆ.

1983ರ ಡಿಸೆಂಬರ್ 28. ಕುಡಿದಿದ್ದ. ತನ್ನ ದೋಣಿ ನಿಲ್ಲುತ್ತಿದ್ದ ಜಾಗದಲ್ಲಿ, ಹಿಂದೆಂದೋ ನೀರಿಗೆ ಎಸೆದ ಸಾಮಾನುಗಳನ್ನು ಹುಡುಕಲು ತಣ್ಣೀರಿಗೆ ಧುಮುಕುತ್ತಿದ್ದ. ಒಂದು ಸಲ ಮೇಲೆ ಬರಲಿಲ್ಲ. 39 ವರ್ಷ. ಕುಟುಂಬದವರು ಅವನನ್ನು ಸಮುದ್ರಕ್ಕೇ ಕೊಡಬೇಕು ಎಂದರು. ಸಾಮಾನ್ಯ ನಾಗರಿಕರಿಗೆ ಅದು ಸುಲಭವಲ್ಲ, ಅಧ್ಯಕ್ಷ ರೇಗನ್ ನೆರವಿನಿಂದ ಅನುಮತಿ ಸಿಕ್ಕಿತು. ಬಂದರಿನ ಹಲಗೆ ದಾರಿಯಲ್ಲಿ ಜನ ನಾಯಿ ಓಡಾಡಿಸುತ್ತಿದ್ದರು. ಅಲ್ಲಿ ಅವನ ಹೆಸರಿನ ಏನನ್ನೂ ನಾವು ನೋಡಲಿಲ್ಲ.

ಕಾರ್ಲ್ 1998ರ ಫೆಬ್ರವರಿ 6ರಂದು ಕ್ಯಾನ್ಸರ್‌ನಿಂದ ಹೋದ, 51 ವರ್ಷ. ಹಿಂದಿನ ಬೇಸಿಗೆಯಲ್ಲಿ ಚಿಕಿತ್ಸೆ ನಡೆಯುತ್ತಿರುವಾಗಲೂ ವೇದಿಕೆಯಲ್ಲಿ ಕೂತು ಹಾಡಿದ್ದ. ಎಲ್ಲರಿಗಿಂತ ಹೆಚ್ಚು ಕಾಡಿಸಿಕೊಂಡ, ಎಲ್ಲರಿಗಿಂತ ದುರ್ಬಲ ಎನಿಸಿದ್ದ ಬ್ರಯಾನ್ ತಮ್ಮಂದಿರಿಬ್ಬರನ್ನೂ ಕಳೆದುಕೊಂಡ ಮೇಲೆ 27 ವರ್ಷ ಬದುಕಿದ.

ಸೋಮವಾರ: ಮನೆಯಲ್ಲಿ

ಎಲ್ಲಿಗೂ ಹೋಗಲಿಲ್ಲ. ಅಕ್ಕ ಬಿಸಿಬೇಳೆ ಭಾತ್ ಮಾಡಿದ್ದಳು. ಸಂಜೆ ಪಕ್ಕದ ಬೀದಿಯ ಕನ್ನಡದ ಹಿರಿಯರೊಬ್ಬರು ಬಂದರು. ಭಾವಾತೀತ ಧ್ಯಾನ ಮಾಡುವವರು. ಬೀಚ್ ಬಾಯ್ಸ್ ಎಂದ ಕೂಡಲೇ "ಋಷಿಕೇಶ!" ಎಂದರು. ಸರಿಯೇ. 1968ರ ಆರಂಭದಲ್ಲಿ ಮಹರ್ಷಿ ಮಹೇಶ ಯೋಗಿಯ ಆಶ್ರಮದಲ್ಲಿ ಬೀಟಲ್ಸ್ ಇದ್ದಾಗ ಮೈಕ್ ಲವ್ ಕೂಡ ಅಲ್ಲಿದ್ದ. ಮಾರ್ಚ್ 15ರಂದು ಅವನ ಹುಟ್ಟುಹಬ್ಬ ಅಲ್ಲೇ ನಡೆಯಿತು. ವಾಪಸ್ ಬಂದವನು ಮಹರ್ಷಿಗಳನ್ನೇ ಜೊತೆಗೆ ಕರೆದುಕೊಂಡು ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪ್ರವಾಸ ಹೊರಟ. ಮೊದಲರ್ಧ ಹಾಡು, ಆಮೇಲೆ ಪ್ರವಚನ. ಜನ ಬರಲಿಲ್ಲ. ಕೆಲವೇ ಕಾರ್ಯಕ್ರಮಗಳಿಗೆ ನಿಲ್ಲಿಸಿದರು, ದುಡ್ಡು ಹೋಯಿತು. ಧ್ಯಾನ ಮಾತ್ರ ಮೈಕ್ ಬಿಡಲಿಲ್ಲ.

ಆ ಹಿರಿಯರಿಗೆ ಗೊತ್ತಿದ್ದ ಹಾಡು 'ಕೊಕೊಮೊ'. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಅದೊಂದೇ. 1988ರಲ್ಲಿ ಅಮೆರಿಕದಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಅದರಲ್ಲಿ ಬ್ರಯಾನ್ ಇಲ್ಲವೇ ಇಲ್ಲ ಎಂದರೆ ನಂಬಲಿಲ್ಲ. ಆ ಕಾಲದಲ್ಲಿ ಅವನು ಯೂಜಿನ್ ಲ್ಯಾಂಡಿ ಎಂಬ ಮನಶ್ಶಾಸ್ತ್ರಜ್ಞನ ಹಿಡಿತದಲ್ಲಿದ್ದ. ಏನು ತಿನ್ನಬೇಕು, ಯಾರ ಜೊತೆ ಮಾತಾಡಬೇಕು ಎಲ್ಲ ಲ್ಯಾಂಡಿ ಹೇಳಿದಂತೆ. 1992ರಲ್ಲಿ ನ್ಯಾಯಾಲಯದ ಆದೇಶ ಬಂದ ಮೇಲೆ ಆ ಕಾಟ ಮುಗಿಯಿತು.

ಮಂಗಳವಾರ: ಎನ್ಸಿನಿಟಾಸ್, ಸ್ಯಾನ್ ಡಿಯಾಗೋ

ಅಕ್ಕನೂ ರಜೆ ಹಾಕಿ ಬಂದಳು. ದಕ್ಷಿಣಕ್ಕೆ 5ನೇ ಫ್ರೀವೇ. 'ಸರ್ಫಿನ್ ಯು.ಎಸ್.ಎ.' ಹಾಡು ಒಂದು ಪಟ್ಟಿ, ಅಲೆ ಹತ್ತುವ ಜಾಗಗಳ ಹೆಸರು. ರಾಗ ಚಕ್ ಬೆರಿಯದು, ಕೊನೆಗೆ ಅವನ ಹೆಸರನ್ನೇ ಹಾಕಬೇಕಾಯಿತು. ಹೆಸರುಗಳನ್ನು ಬ್ರಯಾನ್‌ಗೆ ಬರೆದುಕೊಟ್ಟವನು ಗೆಳತಿಯ ಮನೆಯ ಸರ್ಫರ್ ಹುಡುಗ. ಹೋಗ್ತಾ ಹೋಗ್ತಾ ಆ ಪಟ್ಟಿಯೇ ರಸ್ತೆ ಫಲಕಗಳಲ್ಲಿ ಬರುತ್ತದೆ: ಸ್ಯಾನ್ ಒನೋಫ್ರೆ, ಡೆಲ್ ಮಾರ್, ಲಾ ಹೋಯಾ.

ಎನ್ಸಿನಿಟಾಸ್‌ನಲ್ಲಿ ಇಳಿದೆವು. ಪಟ್ಟಿಯಲ್ಲಿ 'ಸ್ವಾಮೀಸ್' ಎಂಬ ಜಾಗ ಇದೆ. ಆ ಸ್ವಾಮಿ ಪರಮಹಂಸ ಯೋಗಾನಂದ. ದಿಬ್ಬದ ಮೇಲೆ ಅವರ ಆಶ್ರಮ, ಚಿನ್ನದ ಬಣ್ಣದ ಗೋಪುರಗಳು. ಕೆಳಗೆ ಉದ್ದದ ಮೆಟ್ಟಿಲು ಇಳಿದರೆ ದಂಡೆ. ಈ ಸಲ ಅಲೆ ಇತ್ತು, ಅಲೆಯ ಮೇಲೆ ಜನರೂ ಇದ್ದರು. ಎಪ್ಪತ್ತು ದಾಟಿದಂತೆ ಕಾಣುವ ಒಬ್ಬರು ಹಲಗೆ ಹೊತ್ತು ಮೆಟ್ಟಿಲು ಹತ್ತಿ ಬಂದರು. ಏದುಸಿರೇ ಇಲ್ಲ. ಅಕ್ಕನಿಗೆ ನನ್ನನ್ನು ನೋಡಿ ಹೇಳಲು ಒಂದು ಮಾತು ಸಿಕ್ಕಿತು.

ಸ್ಯಾನ್ ಡಿಯಾಗೋ ಮೃಗಾಲಯಕ್ಕೆ ಬಂದಿದ್ದು ಆಡುಗಳಿಗಾಗಿ. 'ಪೆಟ್ ಸೌಂಡ್ಸ್' ಕವರ್‌ನಲ್ಲಿ ಐವರು ಆಡುಗಳಿಗೆ ಸೇಬು ತಿನ್ನಿಸುತ್ತಿದ್ದಾರೆ. ಜಗತ್ತಿನ ದೊಡ್ಡ ಆಲ್ಬಮ್ ಒಂದಕ್ಕೆ ಇದಕ್ಕಿಂತ ಪೆದ್ದು ಫೋಟೋ ಇರಲಾರದು. 1966ರ ಫೆಬ್ರವರಿ 10ರಂದು ತೆಗೆದದ್ದು. ಬ್ರೂಸ್ ಜಾನ್‌ಸ್ಟನ್ ಕವರ್‌ನಲ್ಲಿಲ್ಲ, ಇನ್ನೊಂದು ಕಂಪನಿಯ ಕರಾರು ಅಡ್ಡ ಬಂತು. ಮಕ್ಕಳ ಮೃಗಾಲಯ ಎಲ್ಲಿ ಎಂದು ಕೇಳಿದರೆ ಸಿಬ್ಬಂದಿ ಹೊಸ ಕಟ್ಟಡಗಳತ್ತ ಕೈ ತೋರಿಸಿದರು. ಹಳೆಯದನ್ನು ತೆಗೆದು 2022ರಲ್ಲಿ ಬೇರೆಯದನ್ನೇ ಕಟ್ಟಿದ್ದಾರೆ. ಮನೆ ಹೋಯಿತು, ಗೋಲ್ಡ್ ಸ್ಟಾರ್ ಹೋಯಿತು, ಈಗ ಇದೂ. ನನಗೆ ಅಷ್ಟೇನೂ ಬೇಸರವಾಗಲಿಲ್ಲ. ಪಾಂಡಾ ನೋಡಿದೆವು.

ವಾಪಸ್ ಬರುವಾಗ ಹುಡುಗಿ 1997ರ 'ಪೆಟ್ ಸೌಂಡ್ಸ್ ಸೆಷನ್ಸ್' ಹಾಕಿದಳು. ಅದರಲ್ಲಿ ವಾದ್ಯ ಎಲ್ಲ ತೆಗೆದು ಬರೀ ದನಿ ಇಟ್ಟ ಪ್ರತಿಗಳಿವೆ. 'ಗಾಡ್ ಓನ್ಲಿ ನೋಸ್' ಕೊನೆಯ ಸುತ್ತು. ನಾವು ಮೂವರು, ದನಿಯೂ ಮೂರು. ಅವಳು ಮೇಲಿನದು, ಅಕ್ಕ ಕೆಳಗಿನದು, ನಾನು ಬ್ರೂಸ್. ನಡುವಿನ ದನಿ ಕೇಳಲು ಏನೂ ಅಲ್ಲ, ಹಿಡಿದು ನಿಲ್ಲುವುದು ಕಷ್ಟ. ಮೇಲೆ ಅವಳು ಹಾಡಿದ ಕೂಡಲೇ ನನ್ನ ಗಂಟಲು ತಾನಾಗಿ ಅತ್ತ ಏರುತ್ತಿತ್ತು.

"ಮಾಮ, ನೀವು ನನ್ನ ಲೈನ್ ಹಾಡ್ತಾ ಇದ್ದೀರ."

"ಒಳ್ಳೆಯ ಲೈನ್ ಅದೇ ಅಲ್ವಾ?"

"ಎಲ್ಲರೂ ಅದನ್ನೇ ಹಾಡಿದರೆ ಹಾಡೇ ಇರಲ್ಲ. ಕಿವಿ ಮುಚ್ಚಿಕೊಂಡು ಹಾಡಬೇಡಿ, ನನ್ನನ್ನು ಕೇಳ್ತಾನೇ ನಿಮ್ಮದು ಬಿಡಬಾರದು."

ಸ್ಯಾನ್ ಕ್ಲೆಮೆಂಟೆ ಬರುವ ಹೊತ್ತಿಗೆ, ದಾಸರ ಪದ ಬಿಟ್ಟು ಬೇರೇನೂ ಹಾಡದ ಅಕ್ಕ ಕೆಳದನಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ನನ್ನನ್ನು ನಡುವಿನಿಂದ ತೆಗೆದುಹಾಕಲು ಇಬ್ಬರೂ ತೀರ್ಮಾನಿಸಿದರು. ಆ ಹಾಡಿನಲ್ಲಿ ಟೊಕ್ ಟೊಕ್ ಎಂದು ಕುದುರೆ ನಡಿಗೆಯಂಥ ತಾಳ ಇದೆ, ವೆಸ್ಟರ್ನ್ ಸ್ಟುಡಿಯೋದಲ್ಲಿ ಪ್ಲಾಸ್ಟಿಕ್ಕಿನ ಕಿತ್ತಳೆ ಜ್ಯೂಸ್ ಡಬ್ಬಿ ತಟ್ಟಿ ಮಾಡಿದ್ದು. ಹುಡುಗಿ ಹಿಂದಿನ ಸೀಟಿಗೆ ಖಾಲಿ ನೀರಿನ ಬಾಟಲಿ ಎಸೆದು, "ನೀವು ಇದನ್ನು ನುಡಿಸಿ" ಎಂದಳು.